ಗವ್ಯದ ಡ್ರಮ್ಮಿನಿಂದ ಟಾನಿಕ್ ಬಾಟಲಿಗೆ

ನಮ್ಮ ತಾಳವಾಡಿ ಕಡೆ ಟೊಮೆಟೊ ನೆಟ್ಟವರು ಎದುರು ಸಿಕ್ಕರೆ 'ಟಾನಿಕ್ ಹೊಡೆದ್ರಾ?' ಅಂತ ಕೇಳುತ್ತಾರೆ. ಗೊಬ್ಬರವೂ ಅಲ್ಲದ, ಔಷಧಿಯೂ ಅಲ್ಲದ ಈ ಟಾನಿಕ್ಕಿಗೆ ಸರ್ಕಾರದ ಕಾಗದದಲ್ಲಿ ಬಯೋಸ್ಟಿಮ್ಯುಲೆಂಟ್ ಎಂದು ಹೆಸರು. ಹೆಸರು ಹೊಸದು, ಯೋಚನೆ ಬಹಳ ಹಳೆಯದು.

1025ರ ಸುಮಾರಿನಲ್ಲಿ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವುಂಟು. ಸುರಪಾಲನ ಸಂಸ್ಕೃತ ಗ್ರಂಥದಲ್ಲಿ ಮಾಂಸ, ಮಜ್ಜೆ ಕೊಳೆಸಿ ಮಾಡುವ ಕುಣಪಜಲ ಬರುತ್ತದೆ. ಇಬ್ಬರೂ ಟೊಮೆಟೊ ಕಂಡವರಲ್ಲ ಬಿಡಿ. ಅದು ದಕ್ಷಿಣ ಅಮೆರಿಕದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು.

ನಮಗೆ ಹತ್ತಿರದ ಕಥೆ ಕೊಡುಮುಡಿಯದು. ನಮ್ಮದೇ ಈರೋಡು ಜಿಲ್ಲೆ, ಕಾವೇರಿ ದಡದ ಊರು. ಅಲ್ಲಿನ ವೈದ್ಯ ಡಾ. ಕೆ. ನಟರಾಜನ್ 1990ರ ದಶಕದ ಕೊನೆಯಲ್ಲಿ, ಪೂಜೆಗೆ ಬಳಸುತ್ತಿದ್ದ ಪಂಚಗವ್ಯವನ್ನು ಹೊಲಕ್ಕೆ ಇಳಿಸಿದರು. ಸಗಣಿ, ಗಂಜಲ, ಹಾಲು, ಮೊಸರು, ತುಪ್ಪದ ಜೊತೆ ಬೆಲ್ಲ, ಬಾಳೆಹಣ್ಣು, ಎಳನೀರು ಸೇರಿಸಿ, ದಿನವೂ ಕಲಕುತ್ತಾ ಹುಳಿ ಬರಿಸಬೇಕು. 100 ಲೀಟರ್ ನೀರಿಗೆ 3 ಲೀಟರ್ ಬೆರೆಸಿ ಹೊಡೆಯಬೇಕು. ಸೋಸದೆ ಹಾಕಿದರೆ ಪಂಪಿನ ನಾಜಲ್ ಕಟ್ಟಿಕೊಳ್ಳುತ್ತೆ, ವಾಸನೆ ಕೈ ಬಿಡೋದಿಲ್ಲ. ಆದರೂ ಹಸು ಇದ್ದವರಿಗೆ ಕಾಸಿನ ಖರ್ಚು ಕಮ್ಮಿ.

ಬಾಟಲಿಯ ಸರಕು ಹೆಚ್ಚಾಗಿ ಸಮುದ್ರದ್ದು. ರಾಮನಾಥಪುರ ಜಿಲ್ಲೆಯ ಮಂಡಪಂ ಕರಾವಳಿಯಲ್ಲಿ ಕಪ್ಪಾಫೈಕಸ್ ಎಂಬ ಕಡಲಪಾಚಿ ಬೆಳೆಯುತ್ತಾರೆ. ಅದರ ಹಸಿ ರಸ ಹಿಂಡುವ ವಿಧಾನ ಕೊಟ್ಟದ್ದು ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ರಸದಲ್ಲಿ ಪೊಟ್ಯಾಷಿಯಂ, ಬೆಳವಣಿಗೆಯ ಹಾರ್ಮೋನುಗಳು ಇರುತ್ತವೆ. ಬೇರು ಚೆನ್ನಾಗಿ ಬಿಡುವುದಕ್ಕೆ, ಬಿಸಿಲಲ್ಲಿ ಹೂ ಉದುರುವುದು ಒಂದಿಷ್ಟು ತಗ್ಗುವುದಕ್ಕೆ ಅದರ ಆಸರೆ ಉಂಟು. ಕೊಟ್ಟಿಗೆ ಗೊಬ್ಬರದ ಜಾಗ ಮಾತ್ರ ಅದು ತುಂಬೋದಿಲ್ಲ.

2021ರವರೆಗೆ ಇವಕ್ಕೆ ಹೇಳೋರು ಕೇಳೋರು ಇರಲಿಲ್ಲ. ಆಗ ಅಂಗಡಿಯವರೊಬ್ಬರು ಎಲೆ ಮುಟುರು ರೋಗಕ್ಕೂ ಇದೇ ಸಾಕು ಅಂತ ನನಗೆ ಬಾಟಲಿ ಮಾರಿದ್ದರು. ಆ ರೋಗ ವೈರಸ್ಸಿನದು, ಹರಡುವುದು ಬಿಳಿನೊಣ. ಟಾನಿಕ್ ಏನು ಮಾಡೀತು? ಸಾಲುಗಟ್ಟಲೆ ಗಿಡ ಕಿತ್ತೆವು. ಬಿಲ್ಲೂ ಕೊಟ್ಟಿರಲಿಲ್ಲ, ಹೋಗಿ ಕೇಳೋದಾದ್ರೂ ಏನಂತ?

ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶ ತಿದ್ದಿ ಇವನ್ನೂ ಒಳಗೆ ತಂದಿತು. ಗಿಡ ಪೋಷಕಾಂಶ ಹೀರುವುದಕ್ಕೆ, ಬೆಳೆಯುವುದಕ್ಕೆ, ಬಿಸಿಲು ಬರ ತಾಳುವುದಕ್ಕೆ ಚುರುಕು ಕೊಡುವುದು ಉತ್ತೇಜಕ. ಕೀಟನಾಶಕ ಅದರಲ್ಲಿ ಸೇರದು ಎಂದು ಗೆರೆ ಎಳೆಯಿತು. ನೋಂದಣಿಯೂ ಬೆಳೆವಾರು. ಈಗ ಬಾಟಲಿ ಕೊಳ್ಳುವವರು ಮೊದಲು ಲೇಬಲ್ಲಿನಲ್ಲಿ ಟೊಮೆಟೊ ಹೆಸರಿದೆಯಾ, ಪ್ರಮಾಣ ಎಷ್ಟು ಅಂತ ಓದಿಸಿಕೊಳ್ಳಿ. ಬಿಲ್ ಕೇಳಿ ತಗೊಳ್ಳಿ.