ಪಾರ್ಸೆಲ್ ಎಲ್ಲಿಗೆ ಬಂತು?

ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆ ಹೂಡಿದಾಗ ಅಂಚೆಯವರಿಗೆ ಎರಡು ಕೆಲಸಗಳಿದ್ದವು. ಕಾಗದಪತ್ರ ಮುಟ್ಟಿಸುವುದು ಒಂದು. ಸೀಮೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂಬ ಸುದ್ದಿಯನ್ನು ಅರಮನೆಗೆ ಒಪ್ಪಿಸುವುದು ಇನ್ನೊಂದು. ಅಂಚೆ ಊರಿನ ಮೇಲೆ ಕಣ್ಣಿಟ್ಟಿತ್ತು. ಅಂಚೆ ಎಲ್ಲಿಗೆ ಬಂತೆಂದು ಕೇಳುವ ಹಕ್ಕು ಊರಿಗೆ ಇರಲಿಲ್ಲ. ಈಗ ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಕುಳಿತವರು ಗಂಟೆಗೊಮ್ಮೆ ಫೋನ್ ತೆಗೆದು ತಮ್ಮ ಪಾರ್ಸೆಲ್ಲಿನ ಮೇಲೆಯೇ ಕಣ್ಣಿಡುತ್ತಾರೆ. ಈ ಅದಲುಬದಲಿಗೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರ ಬಹುಪಾಲು ಗುರುತುಗಳು ಬೆಂಗಳೂರಿನ ಉತ್ತರ ದಿಕ್ಕಿನ ಹಳಿ ಮತ್ತು ರಸ್ತೆಗಳ ಮೇಲೆ ಉಳಿದಿವೆ.

ಅಂಚೆ ಶುರುವಾದಾಗ ಬೆಂಗಳೂರಿನ್ನೂ ಮೈಸೂರಿನದಾಗಿರಲಿಲ್ಲ. 1687ರಲ್ಲಿ ಮೊಗಲರಿಂದ 3 ಲಕ್ಷ ರೂಪಾಯಿಗೆ ಅದು ಒಡೆಯರ ಕೈಸೇರಿತು. ಹೈದರ್, ಟಿಪ್ಪು, ಪೂರ್ಣಯ್ಯನವರ ಕಾಲಗಳನ್ನೆಲ್ಲ ದಾಟಿ ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ವಿಲೀನವಾಯಿತು.

ಆ ಬ್ರಿಟಿಷ್ ಅಂಚೆಗೆ ಮೊಹರಿನ ಮೇಲೆ ಬಲು ಮೋಹ. ಲಕೋಟೆ ಹೊರಟ ಕಚೇರಿಯದೊಂದು ಮೊಹರು, ತಲುಪಿದ ಕಚೇರಿಯದು ಇನ್ನೊಂದು, ದಾರಿಯಲ್ಲಿ ಕೈ ಬದಲಾದ ಕಡೆಯದು ಮತ್ತೊಂದು. ಹಳೆಯ ಲಕೋಟೆಯ ಬೆನ್ನು ತಿರುಗಿಸಿದರೆ ಅದು ಸಾಗಿದ ದಾರಿಯನ್ನು ತಾರೀಖಿನ ಸಮೇತ ಓದಬಹುದು. ಅಂಚೆಚೀಟಿ ಸಂಗ್ರಾಹಕರು ಇವತ್ತಿಗೂ ಹಾಗೆ ಓದುತ್ತಾರೆ. ಟ್ರ್ಯಾಕಿಂಗ್ ಎಂಬುದರ ಹಳೆಯ ರೂಪ ಇದೇ. ಆದರೆ ಈ ಗುರುತುಗಳು ಇಲಾಖೆಯ ಸಲುವಾಗಿ ಇದ್ದವು: ತಡವಾದರೆ ಯಾವ ಕಚೇರಿಯಲ್ಲಿ ತಡವಾಯಿತು, ಯಾರನ್ನು ಕೇಳಬೇಕು ಎಂದು ತಿಳಿಯಲಿಕ್ಕೆ. ವಿಳಾಸದಾರನಿಗೆ ಅದು ಗೊತ್ತಾಗುತ್ತಿದ್ದುದು ಕಾಗದ ಕೈಗೆ ಬಂದ ಮೇಲೆ, ಅಂದರೆ ಗೊತ್ತಾಗಿಯೂ ಪ್ರಯೋಜನವಿಲ್ಲದಾಗ.

ಜನಸಾಮಾನ್ಯರಿಗೆ ಸಿಕ್ಕ ಮೊದಲ ಖಾತರಿ ರಿಜಿಸ್ಟರ್ಡ್ ಪೋಸ್ಟಿನ ಜೊತೆ ಬರುತ್ತಿದ್ದ ಅಕ್ನಾಲೆಡ್ಜ್‌ಮೆಂಟ್ ಕಾರ್ಡು. ಪಡೆದವರ ಸಹಿ ಹೊತ್ತು ಅದು ಕಳಿಸಿದವರ ಮನೆಗೆ ಮರಳುತ್ತಿತ್ತು. ಮುಟ್ಟದಿದ್ದರೆ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆಯೇ ಷರಾ ಬರೆಯುತ್ತಿದ್ದ: ಬಾಗಿಲು ಹಾಕಿದೆ, ವಿಳಾಸ ಸಾಲದು, ಮನೆ ಬಿಟ್ಟು ಹೋಗಿದ್ದಾರೆ, ತೆಗೆದುಕೊಳ್ಳಲು ನಿರಾಕರಿಸಿದ್ದಾರೆ. ಇಂದು ಫೋನಿಗೆ ಬರುವ ‘ಡೋರ್ ಲಾಕ್ಡ್’ ಆ ಷರಾದ ಮೊಮ್ಮಗು. ಕ್ಯಾಷ್ ಆನ್ ಡೆಲಿವರಿ ಎಂಬುದೂ ಹೊಸ ಸಂಗತಿಯಲ್ಲ. ಸರಕು ಕೊಟ್ಟು ಹಣ ವಸೂಲು ಮಾಡುವ ವಿ.ಪಿ.ಪಿ. 1877ರಲ್ಲೇ ಬಂದಿತ್ತು.

ದೊಡ್ಡ ಗಂಟುಗಳ ಕಥೆ ಬೇರೆ, ಅದು ರೈಲಿನದು. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ಬಂದದ್ದು ಬ್ರಾಡ್‌ಗೇಜ್. 1884ರಲ್ಲಿ ಯಶವಂತಪುರ ಹಾದು ತುಮಕೂರಿಗೆ ಹೋದದ್ದು ಮೀಟರ್‌ಗೇಜ್. ಯಲಹಂಕದ ಮೇಲೆ ಗುಂತಕಲ್ಲಿನ ಕಡೆ ಹೊರಟದ್ದೂ ಮೀಟರ್‌ಗೇಜೇ. 1915ರಲ್ಲಿ ಯಲಹಂಕ, ದೇವನಹಳ್ಳಿ, ನಂದಿ ದಾಟಿ ಚಿಕ್ಕಬಳ್ಳಾಪುರ ಮುಟ್ಟಿದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಹೀಗೆ ಒಂದೇ ಊರಿನಲ್ಲಿ ಮೂರು ಅಳತೆಯ ಹಳಿಗಳಾದವು. ಚಿಕ್ಕಬಳ್ಳಾಪುರದ ಕಡೆಯ ಮೂಟೆ ಮದರಾಸಿಗೆ ಹೋಗಬೇಕೆಂದರೆ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಲೇಬೇಕು. ಹಮಾಲರ ಹೆಗಲು, ಖಾಲಿ ವ್ಯಾಗನ್ನಿನ ದಾರಿ ಕಾಯುವುದು, ತಪ್ಪಿದ ಎಣಿಕೆ: ವಿಳಂಬ ಹುಟ್ಟುತ್ತಿದ್ದುದು ಓಡುವ ರೈಲಿನಲ್ಲಲ್ಲ, ಕೈ ಬದಲಾಗುವ ಜಾಗದಲ್ಲಿ. ಗುಂತಕಲ್ ಮಾರ್ಗ 1980ರ ದಶಕದಲ್ಲಿ, ಚಿಕ್ಕಬಳ್ಳಾಪುರದ್ದು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದ ಮೇಲೆ ಈ ಏರಿಸಿ ಇಳಿಸುವ ಕೆಲಸ ನಿಂತಿತು.

ರೈಲಿನಲ್ಲಿ ಸರಕು ಕಳಿಸಿದವನಿಗೆ ಸಿಗುತ್ತಿದ್ದುದು ಆರ್.ಆರ್., ಅಂದರೆ ರೈಲ್ವೆ ರಸೀದಿ. ಅದನ್ನು ಆತ ಅಂಚೆಯಲ್ಲಿ ಸರಕು ಪಡೆಯುವವನಿಗೆ ಕಳಿಸಬೇಕು. ಕೆಲವೊಮ್ಮೆ ಸರಕು ಬಂದು ಬಿದ್ದಿರುತ್ತಿತ್ತು, ರಸೀದಿಯೇ ಬಂದಿರುತ್ತಿರಲಿಲ್ಲ. ಆಗ ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು; ತಡಮಾಡಿದರೆ ವಾರ್ಫೇಜ್, ಅಂದರೆ ಬಿಡಿಸಿಕೊಳ್ಳದೆ ಉಳಿದ ಸರಕಿನ ಶುಲ್ಕ, ಏರುತ್ತದೆ. ಲಾರಿ ಬಂದ ಮೇಲೆ ಆರ್.ಆರ್. ಜಾಗಕ್ಕೆ ಎಲ್.ಆರ್., ಅಂದರೆ ಲಾರಿ ರಸೀದಿ, ಬಂತು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡು, ತುಮಕೂರು ರಸ್ತೆ, ಪೀಣ್ಯದ ಸುತ್ತಮುತ್ತಲ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಇವತ್ತಿಗೂ ಎಲ್.ಆರ್. ನಂಬರ್ ಹೇಳದೆ ಮಾತು ಮುಂದೆ ಸಾಗದು. ಲಾರಿಯವರ ಹೊಣೆಗಾರಿಕೆಯನ್ನು ಗೊತ್ತುಮಾಡಿದ್ದ ಕಾಯ್ದೆ 1865ರದು. ಅದರ ಬದಲಿಗೆ ಬಂದ 2007ರ ಕಾಯ್ದೆ ಜಾರಿಯಾದದ್ದು 2011ರಲ್ಲಿ.

ಅಂಚೆಯೇನೂ ಸುಮ್ಮನೆ ಕೂತಿರಲಿಲ್ಲ. 1949ರಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದಿಲ್ಲಿ, ಬೊಂಬಾಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಬದಲಿಸಿಕೊಂಡು ಮರಳುತ್ತಿದ್ದವು. ಇದೇ ಬಗೆಯ ರಾತ್ರಿ ಕೂಡುತಾಣವನ್ನು ಕೊರಿಯರ್ ಕಂಪನಿ ಫೆಡೆಕ್ಸ್ ಅಮೆರಿಕದ ಮೆಂಫಿಸ್‌ನಲ್ಲಿ ನಡೆಸತೊಡಗಿದ್ದು 1973ರಲ್ಲಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. 560 ಅಂದರೆ ಬೆಂಗಳೂರು. ಕೊನೆಯ ಮೂರು ಅಂಕಿ ಬಟವಾಡೆ ಕಚೇರಿಯದು. ಯಶವಂತಪುರಕ್ಕೆ 022, ಹೆಬ್ಬಾಳಕ್ಕೆ 024, ಆರ್.ಟಿ. ನಗರಕ್ಕೆ 032, ಯಲಹಂಕಕ್ಕೆ 064. 022ರ ಬದಲು 032 ಬರೆದರೆ ಪಾರ್ಸೆಲ್ ಆರ್.ಟಿ. ನಗರ ನೋಡಿಕೊಂಡು ಯಶವಂತಪುರಕ್ಕೆ ಬರುತ್ತದೆ. 1986ರ ಆಗಸ್ಟ್‌ನಲ್ಲಿ ಸ್ಪೀಡ್ ಪೋಸ್ಟ್ ಶುರುವಾಯಿತು.

ಗುರುತುಗಳು ಕೊನೆಗೂ ಗಿರಾಕಿಯ ಕಣ್ಣಿಗೆ ಬಿದ್ದದ್ದು 1994ರಲ್ಲಿ, ಫೆಡೆಕ್ಸ್ ತನ್ನ ದಾಖಲೆಯನ್ನು ಅಂತರಜಾಲದಲ್ಲಿ ತೆರೆದಿಟ್ಟಾಗ. ಈಗ ಸ್ಪೀಡ್ ಪೋಸ್ಟ್ ಸಂಖ್ಯೆಗೆ ವಿಶ್ವ ಅಂಚೆ ಒಕ್ಕೂಟದ ಅಚ್ಚು ಇದೆ: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಒಂಬತ್ತನೆಯ ಅಂಕಿಗೆ ಒಂದೇ ಕೆಲಸ. ಅದು ಹಿಂದಿನ ಎಂಟರ ಲೆಕ್ಕಕ್ಕೆ ತಾಳೆಯಾಗದಿದ್ದರೆ ಸಂಖ್ಯೆಯನ್ನು ಎಲ್ಲೋ ತಪ್ಪಾಗಿ ಬರೆದಿದೆ ಎಂದರ್ಥ.

2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಯವರೆಗೆ ಎಚ್.ಎ.ಎಲ್. ವಿಮಾನ ನಿಲ್ದಾಣದ ಕಡೆಯಿಂದ ಬರುತ್ತಿದ್ದ ವಿಮಾನದ ಸರಕು ಒಮ್ಮೆಗೇ ಬಳ್ಳಾರಿ ರಸ್ತೆಗೆ ತಿರುಗಿತು. 2024–25ರಲ್ಲಿ ಆ ನಿಲ್ದಾಣದ ಸರಕು 5 ಲಕ್ಷ ಟನ್ ದಾಟಿತು. ಅಲ್ಲಿಳಿದು ನಗರದೊಳಕ್ಕೆ ಬರುವ ಪಾರ್ಸೆಲ್ ವ್ಯಾನಿಗೆ ಯಲಹಂಕ, ಹೆಬ್ಬಾಳದ ದಾರಿಯೇ ನೇರ; ಸಂಜೆಯ ಹೆಬ್ಬಾಳ ಫ್ಲೈಓವರ್ ಎಂಥದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಪ್ರಯಾಣಿಕರ ವಿಮಾನವೂ ಬಸ್ಸೂ ನಿಂತಾಗ ಯಶವಂತಪುರದಿಂದ ಹೌರಾ ಕಡೆಗೆ ಪಾರ್ಸೆಲ್ ವಿಶೇಷ ರೈಲುಗಳು ಓಡಿದವು.

ಫೋನಿನಲ್ಲಿ ಕಾಣುವ ಸಾಲುಗಳನ್ನು ಓದುವಾಗ ಈ ಹಳೆಯ ಮೊಹರುಗಳು ನೆನಪಿದ್ದರೆ ಗೊಂದಲ ಕಡಿಮೆ. ಪ್ರತಿ ಸಾಲೂ ಒಂದು ಕೈ ಬದಲಾವಣೆಯ ದಾಖಲೆ. ‘ಐಟಂ ಬ್ಯಾಗ್ಡ್’ ಎಂದು ಬಂದಮೇಲೆ ಪಾರ್ಸೆಲ್ ಚೀಲದೊಳಗಿದೆ; ದಾರಿಯುದ್ದಕ್ಕೂ ಸ್ಕ್ಯಾನ್ ಆಗುವುದು ಚೀಲ. ಚೀಲ ಬಿಚ್ಚುವವರೆಗೆ ಒಳಗಿನದರ ಸುದ್ದಿ ಇರದು. ಹಾಗಾಗಿ ಒಂದೆರಡು ದಿನ ಸಾಲು ಬದಲಾಗದಿದ್ದರೆ ಪಾರ್ಸೆಲ್ ಕಳೆದಿದೆ ಎಂದಲ್ಲ, ಯಾರೂ ಚೀಲ ಬಿಚ್ಚಿಲ್ಲ ಎಂದಷ್ಟೇ. ದೂರು ಕೊಡುವಾಗ ಕೊನೆಯ ಸಾಲಿನ ಕಚೇರಿ ಮತ್ತು ತಾರೀಖನ್ನು ಬರೆದರೆ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ.

ಹೊಣೆಯ ಮಾತಿಗೆ ಬಂದರೆ ಚಿತ್ರ ಅಷ್ಟೇನೂ ಬದಲಾಗಿಲ್ಲ. ಕಳೆದುಹೋದದ್ದಕ್ಕೆ, ತಡವಾದದ್ದಕ್ಕೆ ಸರ್ಕಾರ ಸಾಮಾನ್ಯವಾಗಿ ಜವಾಬ್ದಾರಿಯಲ್ಲ ಎಂದು 1898ರ ಅಂಚೆ ಕಾಯ್ದೆಯ 6ನೇ ಕಲಮು ಹೇಳಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಹೊಸ ಕಾಯ್ದೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ; ನಿಯಮಗಳು ಒಪ್ಪುವಷ್ಟೇ ಪರಿಹಾರ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಅರಮನೆಗೆ ಮಾತ್ರ ಕಾಣುತ್ತಿದ್ದ ದಾರಿ ಈಗ ಎಲ್ಲರಿಗೂ ಕಾಣುತ್ತದೆ. ತಡಕ್ಕೆ ಜವಾಬು ಕೇಳುವ ಹಕ್ಕು ಮಾತ್ರ ಆ ವೇಗದಲ್ಲಿ ಬೆಳೆದಿಲ್ಲ.