ಹೊಲ, ಗಾಣ ಮತ್ತು ಮನೆ: ಕನ್ನಡ ನಾಡಿನ ಎಣ್ಣೆಕಾಳು ಪೂರೈಕೆಯ ಚಾರಿತ್ರಿಕ ಅವಲೋಕನ

ಎಣ್ಣೆಕಾಳುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಸ್ತೀರ್ಣ, ಇಳುವರಿ ಹಾಗೂ ಆಮದಿನ ಅಂಕಿ ಅಂಶಗಳನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಅವು ಅಗತ್ಯವೇ ಆದರೂ ಸಾಲವು. ಒಂದು ನಾಡು ತನಗೆ ಬೇಕಾದ ಎಣ್ಣೆಯನ್ನು ತನ್ನ ನೆಲದಿಂದಲೇ ಹೇಗೆ ಪಡೆಯುತ್ತಿತ್ತು, ಆ ವ್ಯವಸ್ಥೆ ಯಾವ ಕಾರಣಗಳಿಂದ ಸಡಿಲಗೊಂಡಿತು ಎಂಬುದನ್ನು ತಿಳಿಯಬೇಕಾದರೆ ಶಾಸನ, ಪ್ರವಾಸ ಕಥನ, ಬೇಸಾಯ ಪದ್ಧತಿ, ಗಾದೆ ಮತ್ತು ಆಚರಣೆಗಳನ್ನು ಜೊತೆಗಿಟ್ಟು ನೋಡಬೇಕಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಇದೇ ಆಗಿದೆ.

ಕನ್ನಡ ಶಾಸನಗಳಲ್ಲಿ ಎಣ್ಣೆಯ ಪ್ರಸ್ತಾಪ ಹೆಚ್ಚಾಗಿ ಬರುವುದು ದೇವಾಲಯದ ನಂದಾದೀವಿಗೆಯ ಸಂದರ್ಭದಲ್ಲಿ. ದೀಪ ಆರದಂತೆ ನೋಡಿಕೊಳ್ಳಲು ಇಂತಿಷ್ಟು ಎಣ್ಣೆ ಸಲ್ಲಬೇಕೆಂದು, ಇಲ್ಲವೆ ಗಾಣವನ್ನೇ ದತ್ತಿಯಾಗಿ ಬಿಡಲಾಗಿದೆಯೆಂದು ದಾನಶಾಸನಗಳು ಹೇಳುತ್ತವೆ. ಗಾಣದೆರೆ ಎಂಬ ತೆರಿಗೆಯೂ, ‘ತೆಲ್ಲಿಗರೈವತ್ತೊಕ್ಕಲು’ ಎಂಬ ಎಣ್ಣೆಗಾರರ ಸಂಘಟನೆಯೂ ಅವುಗಳಲ್ಲಿ ಉಲ್ಲೇಖಗೊಂಡಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನ ಹೆಸರು ಅವನ ಕಾಯಕದೊಡನೆಯೇ ಉಳಿದುಬಂದಿದೆ. ಗಾಣಿಗರನ್ನು ‘ಜ್ಯೋತಿಪಣ’, ‘ಜ್ಯೋತಿನಗರದವರು’ ಎಂದು ಕರೆದಿರುವುದು ಅರ್ಥಪೂರ್ಣವಾಗಿದೆ. ಸಮಾಜ ಗಾಣಿಗನನ್ನು ಗುರುತಿಸಿದ್ದು ಅಡುಗೆಗಿಂತ ಮಿಗಿಲಾಗಿ ಬೆಳಕಿನ ಮೂಲಕ. ಎರಡು ಎತ್ತು ಹೂಡುವ ಹೆಗ್ಗಾಣಿಗರು, ಒಂದೇ ಎತ್ತು ಹೂಡುವ ಒಂಟಿ ಎತ್ತಿನ ಗಾಣಿಗರು ಎಂಬ ಒಳಪಂಗಡಗಳು ತಂತ್ರಜ್ಞಾನದ ಭೇದವೇ ಸಾಮಾಜಿಕ ಭೇದವಾಗಿ ನೆಲೆಗೊಂಡದ್ದನ್ನು ಸೂಚಿಸುತ್ತವೆ.

ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಳ್ಳು, ಹುಚ್ಚೆಳ್ಳು, ಹರಳುಗಳ ಬೇಸಾಯವನ್ನು ದಾಖಲಿಸಿದ್ದಾನೆ. ಈ ಕಾಳುಗಳಲ್ಲಿ ಹಲವು ಹೊಲದ ಮುಖ್ಯ ಬೆಳೆಗಳಾಗಿರಲಿಲ್ಲ. ದಕ್ಷಿಣದ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿಗಳೊಡನೆ ಹುಚ್ಚೆಳ್ಳು, ಹರಳು ಬೆಳೆಯುತ್ತಿದ್ದವು. ಉತ್ತರದ ಎರೆ ಭೂಮಿಯಲ್ಲಿ ಜೋಳದ ಹೊಲದ ಅಂಚಿಗೆ ಹಾಕುತ್ತಿದ್ದ ಕುಸುಬೆ ತನ್ನ ಮುಳ್ಳಿನಿಂದ ದನಗಳನ್ನೂ ತಡೆಯುತ್ತಿತ್ತು. ದಕ್ಷಿಣದ ಹುಚ್ಚೆಳ್ಳು ಉತ್ತರದಲ್ಲಿ ಗುರೆಳ್ಳಾಗುತ್ತದೆ, ಹರಳು ಔಡಲವಾಗುತ್ತದೆ. ಎಳ್ಳು ಸಂಕ್ರಾಂತಿಗೆ, ಗುರೆಳ್ಳು ಮತ್ತು ಅಗಸೆ ಚಟ್ನಿಪುಡಿಗೆ, ಹರಳೆಣ್ಣೆ ದೀಪಕ್ಕೂ ಅಭ್ಯಂಜನಕ್ಕೂ, ಹೊಂಗೆ ಎಣ್ಣೆ ದೀಪಕ್ಕೆ ಎಂಬ ವಿಂಗಡಣೆ ಜನರಲ್ಲಿತ್ತು.

ರೈತ ಕಾಳು ತಂದು ಗಾಣಕ್ಕೆ ಹಾಕಿಸಿ ಎಣ್ಣೆ ಒಯ್ಯುತ್ತಿದ್ದ. ಹಲವೆಡೆ ಗಾಣಿಗನ ಕೂಲಿ ಎಣ್ಣೆಯಲ್ಲೋ ಹಿಂಡಿಯಲ್ಲೋ ಸಲ್ಲುತ್ತಿತ್ತು. ಎಳ್ಳು, ಹುಚ್ಚೆಳ್ಳಿನ ಹಿಂಡಿ ದನಗಳಿಗೆ ಆಹಾರವಾದರೆ, ದನ ತಿನ್ನಬಾರದ ಹರಳು, ಹೊಂಗೆಗಳ ಹಿಂಡಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಹೀಗೆ ಹೊಲ, ಗಾಣ, ಮನೆ, ಕೊಟ್ಟಿಗೆಗಳು ಒಂದೇ ಸರಪಳಿಯಲ್ಲಿದ್ದವು.

ಆದರೆ ಈ ವ್ಯವಸ್ಥೆಯನ್ನು ಸಮೃದ್ಧಿಯ ಕಾಲವೆಂದು ಭಾವಿಸುವುದು ಸರಿಯಾಗಲಾರದು. ಬಡವರ ಮನೆಯಲ್ಲಿ ಎಣ್ಣೆ ಮಿತವಾಗಿ ಬಳಸುವ ವಸ್ತುವಾಗಿತ್ತು. ಕರಿದ ತಿನಿಸು ಹಬ್ಬಕ್ಕೆ ಮೀಸಲಾಗಿತ್ತು. ದೀಪಾವಳಿಯ ಎಣ್ಣೆಸ್ನಾನಕ್ಕೆ, ಮದುವೆಯ ಎಣ್ಣೆ ಶಾಸ್ತ್ರಕ್ಕೆ ಇರುವ ಮಹತ್ವದ ಹಿಂದೆ ಆ ವಸ್ತುವಿನ ಅಪರೂಪವೂ ಕೆಲಸ ಮಾಡಿದೆ. ಪೂರೈಕೆ ಸಾಕಾಗುತ್ತಿದ್ದುದು ಬೇಡಿಕೆ ಸಣ್ಣದಾಗಿದ್ದ ಕಾರಣದಿಂದಲೂ ಹೌದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಬದಲಾವಣೆಗಳು ಈ ಸರಪಳಿಯನ್ನು ತಟ್ಟಿದವು. ಮೊದಲನೆಯದು ಸೀಮೆಎಣ್ಣೆಯ ಆಗಮನ. ಹರಳು, ಹೊಂಗೆ ಎಣ್ಣೆಗಳಿಗಿದ್ದ ದೀಪದ ಬೇಡಿಕೆಯನ್ನು ಅದು ಕ್ರಮೇಣ ಕಿತ್ತುಕೊಂಡಿತು. ಎರಡನೆಯದು ಕಡಲೆಕಾಯಿಯ ವಿಸ್ತರಣೆ. ದಕ್ಷಿಣ ಅಮೆರಿಕ ಮೂಲದ ಈ ಬೆಳೆ ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದ ವಾಣಿಜ್ಯ ಬೆಳೆಯಾದದ್ದು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನ ಎಣ್ಣೆ ಗಿರಣಿಗಳು ಅದನ್ನು ಕೊಳ್ಳತೊಡಗಿದ ಮೇಲೆ. ಅಂದರೆ ಮನೆಯ ಅಗತ್ಯಕ್ಕಾಗಿ ಅಲ್ಲದೆ ಪೇಟೆಗಾಗಿಯೇ ಇಡೀ ಹೊಲವನ್ನು ಎಣ್ಣೆಕಾಳಿಗೆ ಬಿಡುವ ರೂಢಿ ಬೆಳೆಯಿತು.

ಈ ಸಂದರ್ಭದಲ್ಲಿ ಬೆಂಗಳೂರಿನ ಬಸವನಗುಡಿಯ ಐತಿಹ್ಯ ಪರಿಶೀಲನಾರ್ಹವಾಗಿದೆ. ಸುಂಕೇನಹಳ್ಳಿಯ ಸುತ್ತಲಿನ ರೈತರ ಕಡಲೆಕಾಯಿಯನ್ನು ಬಸವ ಮೇಯುತ್ತಿತ್ತು, ಅದನ್ನು ಶಾಂತಗೊಳಿಸಲು ಗುಡಿ ಕಟ್ಟಿಸಿ ಮೊದಲ ಫಸಲನ್ನು ಅರ್ಪಿಸಲಾಯಿತು ಎಂಬುದು ಅದರ ಸಾರ. ಕಡೆಯ ಕಾರ್ತಿಕ ಸೋಮವಾರದ ಪರಿಷೆಗೆ ಇದೇ ಆಧಾರ. ಗುಡಿಯ ನಿರ್ಮಾಣವನ್ನು ಹದಿನಾರನೆಯ ಶತಮಾನದ ಕೆಂಪೇಗೌಡನಿಗೆ ಸಲ್ಲಿಸಲಾಗುತ್ತದೆ. ಕಡಲೆಕಾಯಿಯ ವ್ಯಾಪಕ ಬೇಸಾಯವಾದರೋ ಅದಕ್ಕಿಂತ ಬಹಳ ಈಚಿನದು. ಇಲ್ಲಿ ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವುದಕ್ಕಿಂತ, ಹೊರಗಿನಿಂದ ಬಂದ ಬೆಳೆಯೊಂದನ್ನು ಜನಪದರು ತಮ್ಮ ದೈವದ ಕಥೆಯೊಳಗೆ ಸೇರಿಸಿ ನೆಲದ್ದಾಗಿಸಿಕೊಂಡ ಪ್ರಕ್ರಿಯೆಯ ದಾಖಲೆಯೆಂದು ಓದುವುದು ಉಚಿತ.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಗಿರಣಿಗಳು ಎತ್ತಿನ ಗಾಣವನ್ನು ಹಿಂದಕ್ಕೆ ಸರಿಸಿದವು. 1930ರ ದಶಕದಲ್ಲಿ ನೆಲೆಯೂರಿದ ವನಸ್ಪತಿ ಉದ್ಯಮ ಕಡಲೆಕಾಯಿ ಎಣ್ಣೆಗೆ ಹೊಸ ಗಿರಾಕಿಯಾಯಿತು. 1969ರಲ್ಲಿ ಸೋವಿಯತ್ ರಷ್ಯಾದ ಸೂರ್ಯಕಾಂತಿ ತಳಿಗಳು ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ ಬಿಎಸ್‌ಎಚ್-1ನ್ನು ಬಿಡುಗಡೆ ಮಾಡಿತು. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನ ಫಲವಾಗಿ ದೇಶದ ಎಣ್ಣೆಕಾಳು ಉತ್ಪಾದನೆ ಒಂದು ದಶಕದಲ್ಲಿ ಸುಮಾರು 113 ಲಕ್ಷ ಟನ್‌ಗಳಿಂದ 240 ಲಕ್ಷ ಟನ್‌ಗಳನ್ನು ದಾಟಿತು. 1990ರ ದಶಕದ ಆರಂಭದಲ್ಲಿ ಆಮದು ಅತ್ಯಲ್ಪವಾಗಿತ್ತು.

ಈ ಸ್ಥಿತಿ ಬಹುಕಾಲ ನಿಲ್ಲಲಿಲ್ಲ. 1994ರಲ್ಲಿ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಲಾಯಿತು. 65 ಪ್ರತಿಶತವಿದ್ದ ಸುಂಕ 1998ರ ಹೊತ್ತಿಗೆ 15ಕ್ಕೆ ಇಳಿಯಿತು. ಅದೇ ಕಾಲದಲ್ಲಿ, 1997ರಲ್ಲಿ, ಬಾಗೇಪಲ್ಲಿಯ ಸೂರ್ಯಕಾಂತಿ ಹೊಲಗಳಲ್ಲಿ ಕಾಣಿಸಿಕೊಂಡ ನಂಜುರೋಗ ಇತರೆಡೆಗೂ ಹಬ್ಬಿತು. ಒಂದೇ ಬೆಳೆಯನ್ನು ನಂಬಿದ ರೈತನಿಗೆ ಅಕ್ಕಡಿ ಸಾಲಿನ ಆಸರೆ ಇರಲಿಲ್ಲ. 2022–23ರ ಎಣ್ಣೆ ವರ್ಷದಲ್ಲಿ ಭಾರತದ ಖಾದ್ಯತೈಲ ಆಮದು ಸುಮಾರು 165 ಲಕ್ಷ ಟನ್ ಮುಟ್ಟಿತು. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಮೇಲೆ ರಷ್ಯಾ ದಾಳಿ ನಡೆಸಿದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಇಲ್ಲಿನ ಅಡುಗೆಮನೆಗಳಲ್ಲಿ ಏರಿದ್ದು, ಪೂರೈಕೆಯ ಮೂಲ ಎಷ್ಟು ದೂರ ಸರಿದಿದೆ ಎಂಬುದಕ್ಕೆ ಸಾಕ್ಷಿ. 2021ರ ತಾಳೆ ಮಿಷನ್ ಮತ್ತು 2024ರ ಎಣ್ಣೆಕಾಳು ಮಿಷನ್‌ಗಳು ಈ ಅವಲಂಬನೆಯನ್ನು ತಗ್ಗಿಸಲು ರೂಪುಗೊಂಡವು.

ಈ ಚರಿತ್ರೆಯಿಂದ ಹೊರಡುವ ನಿಲುವು ಇಷ್ಟು: ಎಣ್ಣೆಯ ಕೊರತೆ ಕೇವಲ ಇಳುವರಿಯ ಕೊರತೆಯಲ್ಲ. ಬಳಕೆ ಹೆಚ್ಚಿದ್ದು ಅದರ ಒಂದು ಮುಖವಾದರೆ, ಹಲವು ಕಾಳುಗಳ ಜಾಗದಲ್ಲಿ ಕೆಲವೇ ಕಾಳುಗಳು ನಿಂತದ್ದು, ಹೊಲಕ್ಕೂ ಗಾಣಕ್ಕೂ ಮನೆಗೂ ಇದ್ದ ನಂಟು ಕಡಿದದ್ದು ಇನ್ನೊಂದು ಮುಖ. ಹಳೆಯ ಗಾಣ ಇಂದಿನ ಬೇಡಿಕೆಯನ್ನು ಪೂರೈಸಲಾರದು ಎಂಬುದು ನಿಜ. ಆದರೆ ಮಳೆಯಾಶ್ರಿತ ಹೊಲಕ್ಕೆ ಯಾವ ಕಾಳು ಯಾವುದರ ಜೊತೆಗೆ ಹೊಂದುತ್ತದೆ ಎಂಬ ತಿಳಿವಳಿಕೆ ಇನ್ನೂ ಹಿರಿಯ ರೈತರಲ್ಲಿ ಉಳಿದಿದೆ. ‘ಗಾಣದೆತ್ತು’ ಎಂಬ ನುಡಿಗಟ್ಟು, ‘ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು’ ಎಂಬ ಗಾದೆ ಮುದ್ರಣದಲ್ಲಿ ಭದ್ರವಾಗಿವೆ. ಬೀಜದ ಹೆಸರು, ಬಿತ್ತನೆಯ ಅನುಪಾತ, ಗಾಣದ ಅಂಗಾಂಗಗಳ ಪದಗಳು ಅಷ್ಟು ಭದ್ರವಾಗಿಲ್ಲ. ಊರ ಹೊರಗೆ ಬಿದ್ದಿರುವ ಗಾಣದ ಕಲ್ಲುಗಳ ಸಮೀಕ್ಷೆಯೊಡನೆ ಈ ಪದಕೋಶವನ್ನೂ ಜಿಲ್ಲಾವಾರು ಸಂಗ್ರಹಿಸುವ ಕೆಲಸವನ್ನು ಜಾನಪದ ಮತ್ತು ಕೃಷಿ ವಿಜ್ಞಾನದ ಸಂಶೋಧಕರು ಕೂಡಿ ಕೈಗೊಳ್ಳಬೇಕಾಗಿದೆ.