ಕೇರಿ ಹೋಯಿತು, ಚಿತ್ರ ಉಳಿಯಿತು

ಅಮೆರಿಕದ ಪಿಟ್ಸ್‌ಬರ್ಗ್ ಒಂದು ಕಾಲಕ್ಕೆ ಉಕ್ಕಿನ ಊರು. ಕುಲುಮೆ ಹೊಗೆಗೆ ಹಾಡಹಗಲೇ ಬೀದಿದೀಪ ಹಚ್ಚುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಬಂಡವಾಳಗಾರರೂ ನಗರದ ಆಡಳಿತವೂ ಸೇರಿ ಊರಿಗೆ ಮರುಹುಟ್ಟು ಕೊಡ್ತೀವಿ ಅಂದರು. ಹೊಗೆ ಕರಗಿತು, ನಿಜ. ಆದರೆ 1956ರಿಂದ ಹಿಲ್ ಡಿಸ್ಟ್ರಿಕ್ಟ್‌ನ ಕೆಳಕೇರಿಯನ್ನು ಕೆಡವಿ, ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಿದರು. ಹೆಚ್ಚಿನವರು ಕಪ್ಪು ಜನ. ಅಲ್ಲಿ 1961ರಲ್ಲಿ ಎದ್ದದ್ದು ಆಟ, ಮನರಂಜನೆಯ ಗುಮ್ಮಟ.

ಆಳುವವರ ಕಣ್ಣಿಗೆ ಅದು ಬರೀ ಕೊಳೆಗೇರಿ. ಕಪ್ಪು ಛಾಯಾಗ್ರಾಹಕ ಚಾರ್ಲ್ಸ್ 'ಟೀನಿ' ಹ್ಯಾರಿಸ್ ತೆಗೆದ ಚಿತ್ರಗಳಲ್ಲಿ ಮದುವೆಗಳಿವೆ, ಅಂಗಡಿಗಳಿವೆ, ಜಾಝ್ ಹಾಡುಗಾರರಿದ್ದಾರೆ, ಮಕ್ಕಳಿದ್ದಾರೆ. ಅವರು ಬಿಟ್ಟುಹೋದ ನೆಗೆಟಿವ್‌ಗಳು ಸುಮಾರು 80,000. ಆ ಗುಮ್ಮಟವನ್ನೂ 2012ರ ಹೊತ್ತಿಗೆ ಕೆಡವಿದರು. ಚಿತ್ರಗಳು ಮಾತ್ರ ಸಾಕ್ಷಿ ಹೇಳ್ತಾ ಇವೆ. ಊರು ಉದ್ಧಾರ ಆಯ್ತು ಅನ್ನೋರನ್ನ ಆ ಮಕ್ಕಳ ಮುಂದೆ ನಿಲ್ಲಿಸಿ ಕೇಳಬೇಕು: ಯಾರ ಊರು?